ನಾಯಿಗಳಿಗೆಂದು ಬಿಟ್ಟ ಅರ್ಧ

ಬೇಲಿಯ ಪೈಪುಗಳನ್ನು ನೆಟ್ಟಗೆ ಹಿಡಿದುಕೊಂಡವಳು ನಾನೇ. ಅದು ಖಂಡಿತ. ಅಂಗೈಗೆ ಹತ್ತಿದ ತುಕ್ಕಿನ ಬಣ್ಣ ಸಾಬೂನಿಗೂ ಹೋಗಿರಲಿಲ್ಲ. ಉಳಿದದ್ದರ ಬಗ್ಗೆ ನನಗೆ ಈಗ ಅಷ್ಟು ಖಾತ್ರಿಯಿಲ್ಲ. ಆ ಚಳಿಗಾಲದ ಶುಕ್ರವಾರಗಳಲ್ಲಿ ನಾನೂ ನನ್ನ ಗಂಡನೂ ನಗುತ್ತಿದ್ದೆವು ಎಂದು ನೆನಪು. ಆದರೆ ನಗುತ್ತಿದ್ದವಳು ನಾನೊಬ್ಬಳೇ ಇರಬಹುದು. ಅವರ ನಗುವನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು.

ಕತಾರಿನ ಮೆಸಯೀದಿನಲ್ಲಿ ಕಂಪೆನಿಯ ಮನೆ. ನನ್ನ ಗಂಡ ಗ್ಯಾಸ್ ಪ್ಲಾಂಟಿನ ಮೆಂಟೆನೆನ್ಸ್ ವಿಭಾಗದಲ್ಲಿದ್ದರು, ಬೆಳಕು ಹರಿಯುವ ಮೊದಲೇ ಕಂಪೆನಿ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದರು. ಮನೆಯ ಹಿಂದೆ ನಾಲ್ಕೂ ಕಡೆ ಗೋಡೆಯಿದ್ದ ಹಿತ್ತಿಲು. ಹಿಂದಿನ ಗೋಡೆಯಲ್ಲಿ ಒಂದು ಕಬ್ಬಿಣದ ಗೇಟು, ಗೇಟಿನಾಚೆ ಕಸದ ಲಾರಿ ಬರುವ ಓಣಿ, ಓಣಿಯಾಚೆ ಮರಳು. ಮರಳಿನ ಕೊನೆಯಲ್ಲಿ ಪ್ಲಾಂಟಿನ ಚಿಮಣಿಯ ಬೆಂಕಿ ಹಗಲೂ ಉರಿಯುತ್ತಿತ್ತು. ಮುಂಚೆ ಇದ್ದವರು ಹಿತ್ತಿಲನ್ನು ಗುಜರಿಯಂತೆ ಬಳಸಿದ್ದರು: ಒಡೆದ ಟೈಲ್ಸು, ಚೀಲದೊಳಗೇ ಗಟ್ಟಿಯಾದ ಸಿಮೆಂಟು, ತುಕ್ಕು ಹಿಡಿದ ಏಸಿಯ ಚೌಕಟ್ಟು, ಅವುಗಳ ನಡುವೆ ಯಾರೂ ನೆಡದೆ ಬೆಳೆದ ಜಾಲಿ, ಮೂಲೆಯಲ್ಲಿ ದೊಡ್ಡ ಕಣಗಿಲೆ ಪೊದೆ.

ನಾಯಿಗಳು ಎರಡು. ತಾಯಿ ಮತ್ತು ಮಗಳು. ಒಂದು ಬೇಸಗೆಯಲ್ಲಿ ಗೇಟಿನಡಿಯ ಸಂದಿನಿಂದ ತಾಯಿ ನುಸುಳಿ ಬಂದಳು, ಹಿಂದಿನಿಂದ ಮರಿ ಬಂತು. ಏಸಿಯ ನೀರು ತೊಟ್ಟಿಕ್ಕುವ ಮೂಲೆಯಲ್ಲಿ ಗುಂಡಿ ತೋಡಿ, ಒದ್ದೆ ಮರಳಿನಲ್ಲಿ ಹೊಟ್ಟೆಯಿಟ್ಟು ಮಲಗಿದವು. ಈ ಕಡೆಯ ಮರಳುಗಾಡಿನ ನಾಯಿಗಳದ್ದು ಉದ್ದ ಕಾಲು, ಒಳಕ್ಕೆ ಸೇದಿದ ಹೊಟ್ಟೆ, ಯಾರನ್ನೂ ನಂಬದ ಕಣ್ಣು. ಎಷ್ಟೋ ದಿನ ಹತ್ತಿರ ಸೇರಿಸಲಿಲ್ಲ. ಮುಂದಿನ ಬೇಸಗೆಗೆ ಅಡುಗೆಮನೆಯ ನೆಲದ ಮೇಲೆ ಮಲಗುವಷ್ಟಾಗಿದ್ದವು. ನಮಗೆ ಮಕ್ಕಳಿಲ್ಲ, ಅದನ್ನು ಇಲ್ಲಿ ಹೇಳಿದರೆ ಎಲ್ಲದಕ್ಕೂ ಅದೇ ಕಾರಣ ಎಂದು ಓದುವವರು ತೀರ್ಮಾನಿಸುತ್ತಾರೆ. ಆದರೂ ಹೇಳಿದ್ದೇನೆ.

ಹಿತ್ತಿಲು ಸ್ವಚ್ಛ ಮಾಡೋಣ ಎಂದು ನಾನು ವರ್ಷಗಟ್ಟಲೆ ಹೇಳುತ್ತಿದ್ದೆ. ಅವರ ಉತ್ತರ ಒಂದೇ: "ಇದು ನಮ್ಮ ಜಾಗವಾ ಮಾರಾಯ್ತಿ? ಕಂಪೆನಿಯದ್ದು. ನಾವು ಬೆವರು ಸುರಿಸುವುದು, ಮತ್ತೆ ಬಂದವ ಕುರ್ಚಿ ಹಾಕಿ ಕೂತ್ಕೊಳ್ಳುವುದು."

ಆ ವರ್ಷ ಸೆಕೆ ಇಳಿಯುತ್ತಿದ್ದಂತೆ ಅವರೇ ಒಂದು ಗುರುವಾರ ಸಂಜೆ ಹಾರೆ, ಗುದ್ದಲಿ, ದಪ್ಪ ಕೈಗವಸು ಹಿಡಿದುಕೊಂಡು ಬಂದರು. "ನಾಳೆಯಿಂದ ಶುರು," ಎಂದರು. ನಾನು ಕಾರಣ ಕೇಳಲಿಲ್ಲ. ಕೇಳಿದರೆ ಮನಸ್ಸು ಬದಲಾದೀತೆಂಬ ಹೆದರಿಕೆ. ಇಲ್ಲೇ ಇನ್ನಷ್ಟು ವರ್ಷ ಇರುತ್ತೇವೆ ಎನ್ನುವುದನ್ನು ಅವರು ಬಾಯಲ್ಲಿ ಹೇಳದೆ ಹಾರೆಯಲ್ಲಿ ಹೇಳುತ್ತಿದ್ದಾರೆ ಎಂದುಕೊಂಡೆ. ಅವರು ಹಾಗೆಯೇ, ಒಳ್ಳೆಯ ಸುದ್ದಿಯನ್ನು ನೇರವಾಗಿ ಹೇಳುವವರಲ್ಲ.

ಶುಕ್ರವಾರಗಳು, ಅವರ ರಜೆಯ ದಿನ. ಮೊದಲು ಸಿಮೆಂಟು, ಟೈಲ್ಸು. ಆಮೇಲೆ ಜಾಲಿ, ಅದರ ಬೇರು ಗೋಡೆಯ ಬುಡದವರೆಗೂ ಹೋಗಿತ್ತು. ಆಮೇಲೆ ಕಣಗಿಲೆ. ನನಗೆ ಅದರ ಗುಲಾಬಿ ಹೂವು ಇಷ್ಟವಿತ್ತು, ಬಿಡಿ ಎಂದೆ. "ಬೇಡ, ಅದು ವಿಷ," ಎಂದರು. ನಾಯಿಗಳ ಬಗ್ಗೆ ಎಷ್ಟು ಯೋಚನೆ ಮಾಡುತ್ತಾರೆ ಎಂದುಕೊಂಡು ಆ ದಿನ ಕಡಿದ ಕೊಂಬೆಗಳನ್ನು ನಾನೇ ಓಣಿಗೆ ಎಳೆದು ಹಾಕಿದೆ. ಲಾರಿಯವರು 'ಸ್ವೀಟ್ ಸ್ಯಾಂಡ್' ಎಂದು ಮಾರುವ, ಉಪ್ಪಿಲ್ಲದ ಕೆಂಪು ಮಣ್ಣನ್ನು ತರಿಸಿ ಪಾತಿ ಮಾಡಿದೆವು. ಹರಿವೆ ಬಿತ್ತಿದೆ. ಬಸಳೆಗೂ ತೊಂಡೆಗೂ ಚಪ್ಪರ ಹಾಕಿದೆವು. ಗೋಡೆಯ ಪಕ್ಕದ ಕರಿಬೇವಿನ ಗಿಡಕ್ಕೆ, ಅಲ್ಲಿಯವರೆಗೆ ಟೈಲ್ಸುಗಳ ನಡುವೆ ಉಸಿರು ಹಿಡಿದುಕೊಂಡಿದ್ದದ್ದಕ್ಕೆ, ಸುತ್ತ ಕಟ್ಟೆ ಬಂತು.

ತೊಂದರೆ ನಾಯಿಗಳದ್ದೇ. ಹೊಸ ಮಣ್ಣು ಎಂದರೆ ಅವಕ್ಕೆ ಹೊಸ ಹಾಸಿಗೆ. ಹರಿವೆಯ ಪಾತಿಯ ನಟ್ಟನಡುವೆ ಮಗಳು ಸುರುಳಿ ಸುತ್ತಿಕೊಂಡು ಮಲಗುತ್ತಿದ್ದಳು. ಬಸಳೆಯ ಬುಡಕ್ಕೆ ಮೀನು ತೊಳೆದ ನೀರು ಹೊಯ್ದರೆ ತಾಯಿ ಬಂದು ಬೇರಿನವರೆಗೆ ಕೆರೆಯುತ್ತಿದ್ದಳು.

"ಬೇಲಿ ಹಾಕುವ," ಎಂದರು ಅವರು. "ಮುಂದಿನ ಅರ್ಧ ಗಿಡಗಳಿಗೆ, ಹಿಂದಿನ ಅರ್ಧ ಅವಕ್ಕೆ."

"ಅವು ಅಡುಗೆಮನೆಗೆ ಬರುವುದು ಹೇಗೆ?"

"ಮಧ್ಯದಲ್ಲಿ ಸಣ್ಣ ಗೇಟು ಇಡ್ತೇನೆ. ನೀನು ಕರೆದಾಗ ಬರ್ತವೆ."

ಪೈಪು ನೆಟ್ಟು ಹಸಿರು ಜಾಲರಿ ಬಿಗಿದ ದಿನ ಅವರು ಬೆವರು ಒರೆಸಿಕೊಂಡು, "ಪಾಲಾಯ್ತು. ಹೆಂಡತಿಗೆ ಅರ್ಧ, ನಾಯಿಗಳಿಗೆ ಅರ್ಧ. ನನಗೆ ಬರೀ ಹಾರೆ. ಇನ್ನು ಯಾರೂ ಕೋರ್ಟಿಗೆ ಹೋಗ್ಲಿಕ್ಕಿಲ್ಲ," ಎಂದರು. ಊರಿನಲ್ಲಿ ಅವರ ಮನೆಯ ಪಾಲು ಕೋರ್ಟಿನಲ್ಲಿ ಬಿದ್ದಿತ್ತು, ಅದಕ್ಕೇ ನಗು. ಈ ಮಾತು ನಿಜವಾಗಿಯೂ ಆಡಿದ್ದು, ನಾನು ಸೇರಿಸಿದ್ದಲ್ಲ. ಆಡಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅವರ ದನಿ ಇದ್ದದ್ದಕ್ಕಿಂತ ಸ್ವಲ್ಪ ಹಗುರವಾಗಿ ಕೇಳಿಸುತ್ತಿದೆ.

ನಾಯಿಗಳ ಅರ್ಧಕ್ಕೂ ಅವರು ಕೆಲಸ ಮಾಡಿದರು. ಹಳೆಯ ಪೆಟ್ಟಿಗೆಯ ಹಲಗೆಗಳಿಂದ ಒಂದು ಗೂಡು, ಹಿಂದಿನ ಗೇಟಿನ ಪಕ್ಕದಲ್ಲಿ. ಅವುಗಳ ಊಟದ ಬಟ್ಟಲು ಅಡುಗೆಮನೆಯ ಮೆಟ್ಟಿಲಿನಿಂದ ಬೇಲಿಯಾಚೆ ಹೋಯಿತು, ಅಕ್ಕಿಗೆ ಇರುವೆ ಬರುತ್ತವೆ ಎಂದು. ಬೇಲಿಯ ಹತ್ತಿರದಿಂದ ಗೂಡಿನ ಹತ್ತಿರಕ್ಕೆ ಹೋಯಿತು. ಗೂಡಿನಿಂದ ಗೇಟಿನ ಹೊರಗೆ, ಓಣಿಯ ಗೋಡೆಯ ನೆರಳಿಗೆ. ಹೌಸಿಂಗ್ ಆಫೀಸಿನವರು ವಾಸನೆಯ ಬಗ್ಗೆ ಏನೋ ಹೇಳಿದರಂತೆ. ಸಂಜೆಯ ಊಟವನ್ನೂ ಅವರೇ ವಹಿಸಿಕೊಂಡರು. "ನೀನು ಕೂತ್ಕೋ, ಹಗಲೆಲ್ಲಾ ಅಗೆದಿದ್ದೀ," ಎನ್ನುತ್ತಿದ್ದರು. ಗೇಟು ತೆರೆದ ಸದ್ದು, ನಾಲಿಗೆ ಮಡಿಸಿ ಹಾಕುವ ಅವರ ಸಿಳ್ಳೆ, ನಾಯಿಗಳು ಓಡಿದ ಸದ್ದು. ನಾನು ಚಪ್ಪರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಸುಖ ಎಂದರೆ ಇದೇ ಎಂದು ಆಗ ನನಗೆ ಅನ್ನಿಸಿತೇ, ಅಥವಾ ಕಳೆದುಕೊಂಡದ್ದರಿಂದ ಈಗ ಹಾಗನ್ನಿಸುತ್ತಿದೆಯೇ, ಗೊತ್ತಿಲ್ಲ.

ಕರಿಬೇವಿನ ಬಗ್ಗೆ ಹೇಳಬೇಕು. ಕತಾರಿನಲ್ಲಿರುವ ನಮ್ಮ ಕಡೆಯವರ ನಡುವೆ ಈ ಗಿಡ ಮನೆಯಿಂದ ಮನೆಗೆ ಹೋಗುತ್ತಲೇ ಇರುತ್ತದೆ. ಯಾರಾದರೂ ಮನೆ ಬಿಡುತ್ತಾರೆಂದು ಗೊತ್ತಾದರೆ ಫ್ರಿಜ್ಜು, ಸೋಫಾಗಳಿಗಿಂತ ಮೊದಲು ಯಾರಾದರೂ ಕೇಳುವುದು ಕರಿಬೇವು ಯಾರಿಗೆ ಎಂದು. ಮೊದಲು ಕೇಳಿದವರಿಗೆ ಗಿಡ. ಅದರಲ್ಲಿ ನಾಚಿಕೆಯಿಲ್ಲ, ಬೇಸರವೂ ಇಲ್ಲ. ನಮ್ಮದೂ ಹಾಗೆ ಕುಂದಾಪುರ ಕಡೆಯ ಒಂದು ಕುಟುಂಬ ಊರಿಗೆ ಹೋಗುವಾಗ ಬಂದದ್ದು. ಅವರು ಹೋಗುವ ವಿಷಯ ಇನ್ನೂ ಗುಟ್ಟಾಗಿದ್ದಾಗಲೇ ನಾನು ಅವರ ಅಡುಗೆಮನೆಯಲ್ಲಿ ನಿಂತು ಕೇಳಿಟ್ಟಿದ್ದೆ.

ಹೊಸ ವರ್ಷ ಕಳೆದು ಕೆಲವು ವಾರಗಳ ಮೇಲೆ, ಒಂದು ಶುಕ್ರವಾರ ಮಧ್ಯಾಹ್ನ, ಹತ್ತಿರದ ವಕ್ರಾ ಊರಿನಿಂದ ಒಬ್ಬ ಹೆಂಗಸು ಬಂದಳು. ಬಂಟ್ವಾಳದ ಕಡೆಯವಳು. ಅವಳ ಗಂಡನೂ ನನ್ನ ಗಂಡನೂ ಒಂದೇ ಬಸ್ಸಿನಲ್ಲಿ ಪ್ಲಾಂಟಿಗೆ ಹೋಗುವವರು. ಗಂಡ ಅವಳನ್ನು ನಮ್ಮ ಬಾಗಿಲಲ್ಲಿ ಇಳಿಸಿ ಪೆಟ್ರೋಲ್ ಹಾಕಿಸಲು ಹೋಗಿದ್ದ. ನನ್ನವರು ಜಾಲರಿಗೆ ಕ್ಲಿಪ್ಪು ತರಲು ಹೊರಗೆ ಹೋಗಿದ್ದರು. ಅವಳ ಕೈಯಲ್ಲಿ ಒಂದು ಗುದ್ದಲಿ ಮತ್ತು ಗೋಣಿಚೀಲ.

"ಅಕ್ಕ, ಚಹಾ ಎಲ್ಲ ಮತ್ತೆ. ಬಿಸಿಲು ಇಳಿಯುವ ಮೊದಲು ಈ ಕೆಲಸ ಒಂದು ಆಗ್ಲಿ."

"ಎಂತ ಕೆಲಸ?"

"ಕರಿಬೇವಿಂದು. ಈಗಲೇ ಒಂದು ಕಡೆಯ ಬೇರು ಕಡಿದು ಮಣ್ಣು ಮುಚ್ಚಿ ಇಟ್ರೆ ಒಳಗೊಳಗೆ ಹೊಸ ಬೇರು ಬಿಡ್ತದೆ. ಮತ್ತೆ ಎತ್ತುವಾಗ ಗಿಡಕ್ಕೆ ಗೊತ್ತೇ ಆಗುವುದಿಲ್ಲ. ನಿಮ್ಮ ಹೊರಡುವ ಗಡಿಬಿಡಿಯಲ್ಲಿ ಒಮ್ಮೆಲೇ ಕಿತ್ರೆ ಖಲಾಸ್, ಸತ್ತೇ ಹೋಗ್ತದೆ."

ನಾನು ನಕ್ಕೆ. "ಎಲ್ಲಿಗೆ ಹೊರಡುವುದು ಮಾರಾಯ್ತಿ? ನಿನಗೆ ಯಾರದ್ದೋ ಮನೆ ತಪ್ಪಿದೆ."

ಅವಳೂ ನಗಲು ಶುರುಮಾಡಿದಳು. ಆಮೇಲೆ ನನ್ನ ಮುಖ ನೋಡಿದಳು. ಗೋಣಿಚೀಲವನ್ನು ಎದೆಗೆ ಅವುಚಿಕೊಂಡಳು.

"ಅಯ್ಯೋ. ಅವರು ನಿಮಗೆ ಹೇಳ್ಲಿಲ್ವಾ?"

"ಎಂತದ್ದು?"

"ನನಗೆ ಗೊತ್ತಿಲ್ಲ ಅಕ್ಕ. ನಾನು ಹೋಗ್ತೇನೆ."

"ಕೂತ್ಕೋ," ಎಂದೆ. ಅವಳು ಕೂರಲಿಲ್ಲ, ಕಟ್ಟೆಯ ಪಕ್ಕದಲ್ಲಿ ನಿಂತುಕೊಂಡೇ, ನಾನು ಒಂದೊಂದು ಕೇಳಿದ್ದಕ್ಕೆ ಒಂದೊಂದೇ ಹೇಳಿದಳು. ಪ್ಲಾಂಟಿನಲ್ಲಿ ಅವರ ವಿಭಾಗವನ್ನು ಚಿಕ್ಕದು ಮಾಡುತ್ತಿದ್ದಾರೆ, ಬೇಸಗೆಯ ಮೊದಲು ನನ್ನ ಗಂಡನ ಕೆಲಸ ಮುಗಿಯುತ್ತದೆ. ದೋಹಾದಲ್ಲಿ ಒಂದು ಸಣ್ಣ ಕಾಂಟ್ರಾಕ್ಟರ್ ಹತ್ತಿರ ಬೇರೆ ಕೆಲಸ ಗೊತ್ತಾಗಿದೆ, ಅಲ್ಲಿಯ ನಜ್ಮಾದಲ್ಲಿ ಫ್ಲ್ಯಾಟೂ ನೋಡಿ ಆಗಿದೆ. ಈ ಮನೆ ಅದೇ ಬಸ್ಸಿನ ಇನ್ನೊಬ್ಬ ಎಂಜಿನಿಯರಿಗೆ, ಸಣ್ಣ ಮಕ್ಕಳಿರುವವನಿಗೆ. "ಮಕ್ಕಳು ಬಾಯಿಗೆ ಹಾಕಿದ್ರೆ ಕಷ್ಟ ಅಂತ ಆ ಎಂಜಿನಿಯರೇ ಹೇಳಿ ಕಣಗಿಲೆ ಕಡಿಸಿದ್ದಂತೆ," ಎಂದಳು. ಬಸಳೆಯ ಚಪ್ಪರ ಆ ಮನೆಯವರಿಗೆ ಬೇಕಂತೆ. ತೊಂಡೆಯ ಬಳ್ಳಿಯನ್ನು ದುಖಾನ್ ಊರಿನ ಯಾರೋ ಕೇಳಿದ್ದಾರಂತೆ. ಕರಿಬೇವು ಇವಳಿಗೆ. "ನಾನೇ ಫಸ್ಟ್ ಕೇಳಿದ್ದು ಅಕ್ಕ," ಎಂದಳು, ಆ ಹೊತ್ತಿನಲ್ಲೂ, ಅಭ್ಯಾಸಬಲದಿಂದ.

"ನಾಯಿಗಳು?" ಎಂದೆ.

ಅವಳ ಮುಖ ಸ್ವಲ್ಪ ಸಡಿಲವಾಯಿತು. ಇದೊಂದಾದರೂ ಸಮಾಧಾನದ ಸುದ್ದಿ ಎಂದು ತಿಳಿದಿದ್ದಳು. "ಅವಕ್ಕೆ ಹೊರಗೆ ಅಭ್ಯಾಸ ಮಾಡಿಸ್ತಾ ಇದ್ದಾರಲ್ಲ? ನಮ್ಮ ಮನೆಯವರು ಹೇಳ್ತಿದ್ರು, ನಿಮ್ಮವರಿಗೆ ಎಷ್ಟು ತಾಳ್ಮೆ ಅಂತ. ಒಮ್ಮೆಲೇ ಬಿಟ್ರೆ ಪಾಪದವು ಎಂತ ಮಾಡ್ತವೆ? ಹೀಗೆ ಸ್ವಲ್ಪ ಸ್ವಲ್ಪವೇ ಆಚೆ ಆಚೆ ಮಾಡಿದ್ರೆ ಒಳ್ಳೆದು."

ಅವಳ ಗಂಡನ ಕಾರಿನ ಹಾರನ್ ಕೇಳಿಸಿತು. ಗುದ್ದಲಿಯನ್ನು ಅಲ್ಲೇ ಬಿಟ್ಟು ಹೋದಳು.

ನಾನು ಅಳಲಿಲ್ಲ. ಗೂಡಿನ ಬಳಿ ಹೋದೆ. ಗೂಡಿನ ಬಾಯಿ ಮನೆಯ ಕಡೆಗಲ್ಲ, ಗೇಟಿನ ಕಡೆಗೆ ಇತ್ತು. ಅದನ್ನು ಮಾಡಿದ ದಿನವೇ ನಾನು ನೋಡಿದ್ದೆ. ಗಾಳಿಗೆಂದು ಹಾಗೆ ಇಟ್ಟಿದ್ದಾರೆ ಎಂದುಕೊಂಡಿದ್ದೆ. ಬೇಲಿಯ ನಡುವಿನ ಸಣ್ಣ ಗೇಟಿನ ಚಿಲಕಕ್ಕೆ ಜೇಡ ಬಲೆ ಕಟ್ಟಿತ್ತು. ನಾಯಿಗಳು ಅಡುಗೆಮನೆಗೆ ಬಂದು ಎಷ್ಟು ಕಾಲವಾಯಿತು ಎಂದು ಯೋಚಿಸಿದೆ. ನೆನಪಾಗಲಿಲ್ಲ. ಹಿಂದಿನ ಕಬ್ಬಿಣದ ಗೇಟು ಹಗಲಿನಲ್ಲೂ ತೆರೆದೇ ಇತ್ತು, ಕೆಳಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದರು. ಒಂದೊಂದನ್ನೂ ನಾನು ಕಂಡಿದ್ದೆ, ಒಂದೊಂದಕ್ಕೂ ನನ್ನದೇ ಒಳ್ಳೆಯ ಕಾರಣ ಕೊಟ್ಟಿದ್ದೆ.

ಅವರು ಬಂದರು. ಒಂದು ಕೈಯಲ್ಲಿ ಕ್ಲಿಪ್ಪಿನ ಪೊಟ್ಟಣ, ಇನ್ನೊಂದರಲ್ಲಿ ನಾಯಿಗಳ ಊಟದ ಚೀಲ. ಗುದ್ದಲಿ ನೋಡಿದರು.

"ಇದು ಯಾರದ್ದು?"

"ಕರಿಬೇವಿನವಳದ್ದು."

ಚೀಲವನ್ನು ಕೆಳಗಿಟ್ಟರು. ಸುಳ್ಳು ಹೇಳಲು ಒಂದು ಕ್ಷಣ ಹುಡುಕಿದ್ದು ನನಗೆ ಕಂಡಿತು. ಸಿಗಲಿಲ್ಲ.

"ವೀಸಾ ಬದಲಾಗದೆ ಯಾರಿಗೂ ಹೇಳುವುದು ಬೇಡ ಅಂತ ಇದ್ದೆ," ಎಂದರು.

"ಯಾರಿಗೂ ಅಂದ್ರೆ ನನಗೆ. ಬಸ್ಸಿಗಿಡೀ ಗೊತ್ತುಂಟು. ದುಖಾನಿಗೂ ಗೊತ್ತುಂಟು."

"ಬಸ್ಸಿನಲ್ಲಿ ಮುಚ್ಚಿಡ್ಲಿಕ್ಕೆ ಆಗ್ತದಾ? ಯಾರ ಕೆಲಸ ಹೋಗ್ತದೆ ಅಂತ ಅಲ್ಲಿ ಎಲ್ಲರಿಗೂ ಗೊತ್ತು."

"ನಾಯಿಗಳನ್ನು?"

ಅವರು ಕುರ್ಚಿಯಲ್ಲಿ ಕೂತರು. "ನಜ್ಮಾದಲ್ಲಿ ಮೂರನೇ ಮಾಳಿಗೆ. ಪ್ರಾಣಿ ಮಾಫಿ, ಇಟ್ಟುಕೊಳ್ಳುವ ಹಾಗೇ ಇಲ್ಲ ಅಂತ ಮೊದಲೇ ಹೇಳಿದ್ದಾನೆ ಆ ಬಿಲ್ಡಿಂಗಿನವ. ನಾಯಿ ತೆಗೆದುಕೊಳ್ಳುವ ಜಾಗಕ್ಕೂ ಫೋನ್ ಮಾಡಿದ್ದೆ, ತುಂಬಿದೆಯಂತೆ. ನಾನು ಎಂತ ಮಾಡ್ಲಿ? ನಿನಗೆ ಹೇಳಿದ್ರೆ ಅವತ್ತಿನಿಂದ ಅಳ್ತೀಯ, ಹೊರಡುವ ದಿನ ಮತ್ತೆ ಅಳ್ತೀಯ. ಎರಡೆರಡು ಸಲ ಬೇಡ ಅಂತ."

"ಆದ್ರಿಂದ ನನ್ನ ಕೈಯಲ್ಲಿ ಬೇಲಿ ಹಾಕಿಸಿದ್ರಿ."

"ನೀನು ಖುಷಿಯಲ್ಲಿದ್ದೆ," ಎಂದರು. "ಇಷ್ಟು ವರ್ಷದಲ್ಲಿ ನಿನ್ನನ್ನು ಹಾಗೆ ನಾನು ನೋಡ್ಲೇ ಇಲ್ಲ."

ಅವರು ನನ್ನ ಖುಷಿಯನ್ನು ಬಳಸಿಕೊಂಡರೋ, ಅದನ್ನು ಸ್ವಲ್ಪ ದಿನ ಉಳಿಸಿಕೊಟ್ಟರೋ? ಎರಡನೆಯದು ನಿಜವಾಗಿದ್ದರೆ ನನಗೆ ಇನ್ನಷ್ಟು ಸಿಟ್ಟು. ನನ್ನ ಖುಷಿಯನ್ನು ನನಗಿಂತ ಚೆನ್ನಾಗಿ ಬಲ್ಲವರೊಬ್ಬರು ಅದಕ್ಕೆ ಅವಧಿ ಗೊತ್ತುಮಾಡಿ, ಎದುರಿನಲ್ಲಿ ಕೂತು ನೋಡುತ್ತಿದ್ದರು ಎಂದಾಯಿತು.

ಮರುದಿನದಿಂದ ನಾನು ಫೋನು ಹಿಡಿದು ಕೂತೆ. ಗುರುತಿದ್ದವರು, ಗುರುತಿಲ್ಲದವರು. ಕೊನೆಗೆ ಒಬ್ಬ ಫಿಲಿಪ್ಪೀನೋ ನರ್ಸ್ ಸಿಕ್ಕಿದಳು. ದೋಹಾದಲ್ಲಿ ಬಿಡುವಿನ ಹೊತ್ತಿನಲ್ಲಿ ಬೀದಿನಾಯಿಗಳಿಗೆ ಮನೆ ಹುಡುಕಿಕೊಡುವವಳು. ಫೋಟೋ ನೋಡಿ, ಎರಡನ್ನೂ ಒಟ್ಟಿಗೇ ತೆಗೆದುಕೊಳ್ಳುವ ಒಂದು ಮನೆ ಗೊತ್ತು ಎಂದಳು. ಆದರೆ ಒಂದು ಮಾತು: ಅವು ಮನೆಯೊಳಗೆ ಇರಬಲ್ಲ ನಾಯಿಗಳಾಗಿರಬೇಕು. ಹಿಡಿಯಲು ಬರದ, ಹೊರಗೇ ತಿರುಗುವ ನಾಯಿಗೆ ಅವಳ ಹತ್ತಿರ ಜಾಗವಿಲ್ಲ.

"ಮನೆಯೊಳಗಿನವೇ," ಎಂದೆ.

ಬಟ್ಟಲನ್ನು ಒಳಗೆ ತರಲು ಶುರುಮಾಡಿದೆ, ಅವರು ಹೊರಗೆ ಕೊಂಡುಹೋದ ಹಾಗೆಯೇ. ಓಣಿಯ ನೆರಳಿನಿಂದ ಗೇಟಿನವರೆಗೆ, ಅಲ್ಲಿಂದ ಗೂಡಿನವರೆಗೆ. ಬೇಲಿಯ ಜಾಲರಿಯನ್ನು ಕತ್ತರಿಸಿ ತೆಗೆದೆ. ತಾಯಿ ಕೆಲವೇ ದಿನಗಳಲ್ಲಿ ಹರಿವೆಯನ್ನು ತುಳಿದುಕೊಂಡು ಅಡುಗೆಮನೆಗೆ ಬಂದಳು, ಏನೂ ಆಗದವಳಂತೆ ತನ್ನ ಹಳೆಯ ಜಾಗದಲ್ಲಿ ಮಲಗಿದಳು. ಮಗಳು ಬರಲಿಲ್ಲ. ಅವಳು ಓಣಿಯಲ್ಲಿ ಬೇರೆ ನಾಯಿಗಳ ಜೊತೆ ಓಡಾಡಲು ಕಲಿತಿದ್ದಳು. ನಾನು ಗೇಟಿನೊಳಗಿಂದ ಕರೆದರೆ ಬಾಲ ಅಲ್ಲಾಡಿಸುತ್ತಿದ್ದಳು, ಮುಂಗಾಲು ಎತ್ತುತ್ತಿದ್ದಳು, ಅಲ್ಲೇ ನಿಲ್ಲುತ್ತಿದ್ದಳು. ಹೊರಗೆ ಹೋದರೆ ಹಿಂದೆ ಹಿಂದೆ ಸರಿಯುತ್ತಿದ್ದಳು. ಬೇಯಿಸಿದ ಕೋಳಿ ಇಟ್ಟೆ, ಬಂಗುಡೆ ಇಟ್ಟೆ. ನಾನು ಒಳಗೆ ಬಂದ ಮೇಲೆ ತಿಂದು ಹೋಗುತ್ತಿದ್ದಳು.

ಆ ವಾರಗಳಲ್ಲಿ ಗಂಡನೊಡನೆ ನಾನು ಅಗತ್ಯದ ಮಾತಷ್ಟೇ ಆಡುತ್ತಿದ್ದೆ. ಅನ್ನ ಆಗಿದೆ. ನೀರು ಬಂದಿಲ್ಲ. ಪೆಟ್ಟಿಗೆ ತರಿಸಿ. ಸಂಜೆಯ ಊಟ ಹಾಕುವುದನ್ನು ಅವರಿಂದ ಕಿತ್ತುಕೊಂಡಿದ್ದೆ. ಅವರು ಬಸ್ಸಿಳಿದು ಬಂದು ಹಿತ್ತಿಲಿನ ಕಡೆಗೆ ನೋಡದೆ ಒಳಗೆ ಹೋಗುತ್ತಿದ್ದರು. ಬಂಟ್ವಾಳದವಳು ಫೋನ್ ಮಾಡಿ, "ನನಗೆ ಗಿಡ ಬೇಡ ಅಕ್ಕ," ಎಂದಳು. ತೆಗೆದುಕೊಂಡು ಹೋಗು ಎಂದೆ. ಅವಳ ಮೇಲೆ ನನಗೇಕೆ ಸಿಟ್ಟು? ಇಲ್ಲ, ಸಿಟ್ಟಿತ್ತು. ನನಗಿಂತ ಮೊದಲು ತಿಳಿದುಕೊಂಡ ಪ್ರತಿಯೊಬ್ಬರ ಮೇಲೂ ಇತ್ತು.

ನರ್ಸ್ ಬರುವ ದಿನ ಬಂತು. ಅವಳು ವ್ಯಾನನ್ನು ಓಣಿಗೆ ತರದೆ ಮುಂದಿನ ಬಾಗಿಲಿಗೆ ತಂದಳು. ಎರಡು ಕ್ರೇಟುಗಳನ್ನು ಅಡುಗೆಮನೆಯಲ್ಲಿಟ್ಟಳು. ತಾಯಿ ಮೂಸಿ ನೋಡಿ, ನಾನು ಒಳಗೆ ಹಾಸಿದ್ದ ನನ್ನ ಹಳೆಯ ಚೂಡಿದಾರದ ಮೇಲೆ ಹೋಗಿ ಮಲಗಿದಳು. ಮಗಳು ಗೇಟಿನ ಹೊರಗೆ. ನಾನು ಕರೆದೆ. ನೆಲದ ಮೇಲೆ ಕೂತು ಕರೆದೆ. ನರ್ಸ್ ಪ್ರಯತ್ನಿಸಿದಳು, ಮಗಳು ಓಣಿಯ ತುದಿಯವರೆಗೆ ಓಡಿದಳು. ನರ್ಸ್ ಗಡಿಯಾರ ನೋಡಿಕೊಂಡಳು. ಅವಳಿಗೆ ಡ್ಯೂಟಿಗೆ ಹೊತ್ತಾಗುತ್ತಿತ್ತು. "ಒಂದನ್ನೇ ತೆಗೆದುಕೊಂಡು ಹೋಗಲೇ?" ಎಂದು ಮೆಲ್ಲಗೆ ಕೇಳಿದಳು.

ನನ್ನ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಬೆಳಗ್ಗಿನಿಂದಲೂ ಅಲ್ಲೇ ಇದ್ದರು, ಮುಂದೆ ಬಂದಿರಲಿಲ್ಲ. ಅವರು ಸಿಳ್ಳೆ ಹಾಕಿದರೆ ಮಗಳು ಬರುತ್ತಾಳೆಂದು ನನಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು, ಆದರೂ ಕೇಳಿರಲಿಲ್ಲ. ಅದೊಂದು ಮಾತು ಬಾಯಿಂದ ಹೊರಡಿಸುವುದಕ್ಕಿಂತ ಕೋಳಿ ಬೇಯಿಸುವುದು ಸುಲಭವಾಗಿತ್ತು.

"ನೀವು ಕರೀರಿ," ಎಂದೆ.

ಅವರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಹಿತ್ತಿಲು ದಾಟಿ ಗೇಟಿನ ಹೊರಗೆ ಹೋದರು. ಓಣಿಯ ನಡುವೆ ಕುಕ್ಕರಗಾಲಿನಲ್ಲಿ ಕೂತು ಸಿಳ್ಳೆ ಹಾಕಿದರು. ದೂರದಿಂದ ಮಗಳು ಓಡಿಬಂದಳು, ಕಿವಿಗಳನ್ನು ಹಿಂದಕ್ಕೆ ಮಡಚಿಕೊಂಡು, ಮೈಯನ್ನೆಲ್ಲ ಬಳುಕಿಸುತ್ತ. ಬಂದವಳು ಅವರ ಎರಡು ಮೊಣಕಾಲುಗಳ ನಡುವೆ ತಲೆ ತೂರಿಸಿದಳು. ಅವರು ಕೊರಳಿಗೆ ಪಟ್ಟಿ ಹಾಕುವಾಗ ಕದಲಲೂ ಇಲ್ಲ. ಅವರ ಕಾಲಿಗೆ ಒರಗಿಕೊಂಡೇ ಗೇಟು ದಾಟಿದಳು, ಪಾತಿಗಳನ್ನು ದಾಟಿದಳು, ನನ್ನನ್ನು ದಾಟಿ ಕ್ರೇಟಿನೊಳಗೆ ಹೋದಳು. ಒಳಗಿನಿಂದ ತಿರುಗಿ ಅವರ ಕೈ ನೆಕ್ಕಿದಳು.

"ಸರ್ ಅಂದರೆ ಇವಳಿಗೆ ಎಷ್ಟು ನಂಬಿಕೆ," ಎಂದಳು ನರ್ಸ್, ಇಂಗ್ಲಿಷಿನಲ್ಲಿ, ಸಂತೋಷದಿಂದ. ಅವಳಿಗೆ ಏನೂ ಗೊತ್ತಿರಲಿಲ್ಲ.

ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕ್ರೇಟಿನ ಬಾಗಿಲು ತೆರೆದೇ ಇತ್ತು, ಅವರ ಮೊಣಕೈ ಅಡ್ಡವಿತ್ತು. ನರ್ಸ್ ಕಾಯುತ್ತಿದ್ದಳು. ನಾನು ಬಗ್ಗಿ ಅವರ ಮಣಿಕಟ್ಟು ಹಿಡಿದು ಹೊರಗೆಳೆದೆ, ಬಾಗಿಲು ಹಾಕಿ ಚಿಲಕ ಒತ್ತಿದೆ.